ಡಿಸ್ಕೂ ಹಾಕ್ಬೋದು, ನೆಟ್ಟಲ್ಲೂ ನೋಡ್ಬೋದು: ಬ್ಲೂ ರೇ ಪ್ಲೇಯರ್ ಇಟ್ಕೊಂಡಿರೋರಿಗೆ

ಬ್ಲೂ ರೇ ಪ್ಲೇಯರ್, ಅಂದ್ರೆ ಡಿವಿಡಿಗಿಂತ ಚೆನ್ನಾಗಿ ಚಿತ್ರ ಬರೋ ಬ್ಲೂ ರೇ ಡಿಸ್ಕ್ ಓಡಿಸೋ ಮಷೀನು: ಒಂದೇ ಡಬ್ಬಿ, ಮುಂದೆ ಡಿಸ್ಕ್ ಹಾಕೋ ಟ್ರೇ, ಹಿಂದೆ ನೆಟ್ ಕೇಬಲ್ ಚುಚ್ಚೋ ಜಾಗ. ಇದನ್ನ ತಗೊಂಡೋರು ಸುಮಾರು ಜನ ಎಚ್‌ಡಿಎಂಐ ವೈರ್ ಹಾಕಿ ಆನ್ ಮಾಡಿ ಹಾಗೇ ನೋಡ್ತಾ ಇರ್ತಾರೆ, ಸೆಟ್ಟಿಂಗ್ಸ್ ಒಳಗೆ ಒಂದ್ಸಲಾನೂ ಇಣುಕಿರಲ್ಲ. ನಾನು ಹತ್ತು ಹನ್ನೆರಡು ವರ್ಷದಿಂದ ಇಂಥ ಪ್ಲೇಯರ್ ಬಳಸ್ತಾ ಇದ್ದೀನಿ, ಈಗಿರೋದು ಮೂರನೇದು. ಇಷ್ಟು ದಿನದಲ್ಲಿ ನನಗೆ ಚೆನ್ನಾಗಿ ಗೊತ್ತಾಗಿರೋದು ಏನಂದ್ರೆ ಈ ಡಬ್ಬಿಗೆ ಎರಡು ಆಯಸ್ಸು ಇರತ್ತೆ. ಡಿಸ್ಕ್ ಓಡಿಸೋ ಭಾಗ ಲೆನ್ಸು ಮೋಟರು ಗಟ್ಟಿಯಾಗಿರೋವರೆಗೂ ನಡಿಯತ್ತೆ, ನೆಟ್ಟಲ್ಲಿ ಸಿನಿಮಾ ತೋರ್ಸೋ ಭಾಗ ಮಾತ್ರ ಕಂಪನಿಯೋರು ಅಪ್‌ಡೇಟ್ ಕೊಡೋವರೆಗೆ ಅಷ್ಟೇ. ತಗೊಳೋವಾಗ, ಜೋಡ್ಸೋವಾಗ, ರಿಪೇರಿ ಮಾಡೋವಾಗ ಎಲ್ಲಾ ಟೈಮಲ್ಲೂ ಇದೊಂದು ತಲೇಲಿದ್ರೆ ಅರ್ಧ ಕಿರಿಕಿರಿ ಕಮ್ಮಿಯಾಗತ್ತೆ.

ಬ್ಲೂ ರೇ ಬಂದಿದ್ದು 2006ರಲ್ಲಿ. ಎರಡು ವರ್ಷ ಆದ್ಮೇಲೆ, 2008ರಲ್ಲಿ, ಎಲ್‌ಜಿಯೋರು ಬಿಡಿ300 ಅಂತ ಒಂದು ಪ್ಲೇಯರ್ ಬಿಟ್ರು, ನೆಟ್‌ಫ್ಲಿಕ್ಸ್ ಒಳಗೇ ಇದ್ದ ಮೊದಲ ಬ್ಲೂ ರೇ ಪ್ಲೇಯರ್ ಅದು. ಆಮೇಲೆ ಎಲ್ಲಾ ಕಂಪನಿಗಳೂ ಆ್ಯಪ್ ಮೇಲೆ ಆ್ಯಪ್ ತುಂಬ್ಸಿದ್ವು. ತೊಂದ್ರೆ ಶುರುವಾಗಿದ್ದು ಆ ಆ್ಯಪ್‌ಗಳಿಗೆ ವಯಸ್ಸಾದಾಗ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್‌ನೋರು ತಮ್ಮ ಹಳೇ ವ್ಯವಸ್ಥೆ ಮುಚ್ಚಿದ್ರು, 2012ರ ಹಿಂದಿನ ಟಿವಿ, ಪ್ಲೇಯರ್ ಎಷ್ಟೋ ಮಾಡೆಲ್‌ಗಳಲ್ಲಿ ಆ್ಯಪ್ ಅವತ್ತಿಂದ ಕೆಲಸ ಮಾಡ್ಲಿಲ್ಲ. 2019ರ ಡಿಸೆಂಬರಲ್ಲಿ ನೆಟ್‌ಫ್ಲಿಕ್ಸೂ ಕೆಲವು ಹಳೇ ಮಷೀನುಗಳನ್ನ ಕೈಬಿಡ್ತು. ನನ್ನ ಮೊದಲನೇ ಪ್ಲೇಯರಲ್ಲೂ ಹೀಗೇ ಆಯ್ತು, ಒಂದು ಸಂಜೆ ಐಕಾನ್ ಒತ್ತಿದ್ರೆ ಕಪ್ಪು ಸ್ಕ್ರೀನು, ಮಧ್ಯ ಒಂದು ಸುತ್ತೋ ಚಕ್ರ, ಹತ್ತು ನಿಮಿಷ ಕಾದ್ರೂ ಅದೇ ಚಕ್ರ. ಆದ್ರೆ ಅದೇ ಪ್ಲೇಯರಿಗೆ ಡಿಸ್ಕ್ ಹಾಕಿದ್ರೆ ಟಕ್ ಅಂತ ತಗೊಂಡು ಓಡಿಸ್ತು, ಇವತ್ತಿಗೂ ನಮ್ಮಮ್ಮನ ರೂಮಲ್ಲಿ ಓಡ್ತಾ ಇದೆ.

ಅದಕ್ಕೇ ಹೊಸದು ತಗೊಳೋರಿಗೆ ನಾನು ಹೇಳೋದು, ಆ್ಯಪ್ ಲಿಸ್ಟ್ ನೋಡಿ ಮರುಳಾಗ್ಬೇಡಿ, ಡಿಸ್ಕ್ ಕಡೆ ಏನಿದೆ ಅಂತ ಮೊದ್ಲು ನೋಡಿ. ಎಲ್ರೂ ಎಡವೋದು ಒಂದೇ ಕಡೆ: ಡಬ್ಬಿ ಮೇಲೆ "4ಕೆ ಅಪ್‌ಸ್ಕೇಲಿಂಗ್" ಅಂತ ದೊಡ್ಡದಾಗಿ ಬರ್ದಿರತ್ತೆ, ಅದನ್ನ ಓದಿ 4ಕೆ ಡಿಸ್ಕ್ ಓಡತ್ತೆ ಅನ್ಕೊಂಡು ಮನೆಗೆ ತರ್ತಾರೆ. ಓಡಲ್ಲ. ಅಪ್‌ಸ್ಕೇಲಿಂಗ್ ಅಂದ್ರೆ ಮಾಮೂಲಿ ಬ್ಲೂ ರೇ, ಡಿವಿಡಿ ಚಿತ್ರವನ್ನ 4ಕೆ ಟಿವಿ ಸೈಜಿಗೆ ಹಿಗ್ಗಿಸಿ ಕಳ್ಸೋದು ಮಾತ್ರ, ಅದನ್ನ ನಿಮ್ಮ ಟಿವೀನೂ ತಾನೇ ಮಾಡ್ಕೊಳತ್ತೆ. 4ಕೆ ಡಿಸ್ಕ್ ಓಡ್ಬೇಕಂದ್ರೆ ಪ್ಲೇಯರ್ ಮೇಲೆ "ಅಲ್ಟ್ರಾ ಎಚ್‌ಡಿ ಬ್ಲೂ ರೇ" ಅಂತಾನೇ ಇರ್ಬೇಕು. ಆ ಡಿಸ್ಕ್‌ಗಳ ಕೇಸು ಸಾಮಾನ್ಯವಾಗಿ ಕಪ್ಪು, ಮಾಮೂಲಿ ಬ್ಲೂ ರೇದು ನೀಲಿ. ಟಿವಿ ಕಡೆ ಎಚ್‌ಡಿಎಂಐ ಪೋರ್ಟಲ್ಲಿ ಎಚ್‌ಡಿಸಿಪಿ 2.2 (ಕಾಪಿ ಮಾಡೋದನ್ನ ತಡಿಯೋ ಬೀಗ) ಇರ್ಬೇಕು, ಇಲ್ಲಾಂದ್ರೆ 4ಕೆ ಪೂರ್ತಿ ಬರಲ್ಲ. ಕೆಲವು ಟಿವಿಗಳಲ್ಲಿ ನಾಲ್ಕು ಪೋರ್ಟಲ್ಲಿ ಒಂದೋ ಎರಡೋ ಮಾತ್ರ ಹಾಗಿರತ್ತೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಬರ್ದಿರ್ತಾರೆ, ಟಾರ್ಚ್ ಹಾಕಿ ನೋಡಿ.

ಇನ್ನೊಂದು ರೀಜನ್ ಕೋಡ್, ಅಂದ್ರೆ ಡಿಸ್ಕ್ ಯಾವ ದೇಶಗಳ ಪ್ಲೇಯರಲ್ಲಿ ಓಡತ್ತೆ ಅನ್ನೋ ಗುರುತು. ಡಿವಿಡಿಗೆ ನಂಬರಲ್ಲಿ ಇರತ್ತೆ, ಬ್ಲೂ ರೇಗೆ ಎ, ಬಿ, ಸಿ ಅಂತ ಮೂರು. ಬೇರೆ ದೇಶದಿಂದ ತರಿಸ್ಕೊಂಡ ಡಿಸ್ಕ್ ಓಡದೇ ಇದ್ರೆ ಡಿಸ್ಕ್ ಹಾಳಾಗಿದೆ ಅನ್ಕೊಳೋದಕ್ಕೆ ಮುಂಚೆ ಕೇಸಿನ ಹಿಂದೆ ಆ ಅಕ್ಷರ ನೋಡಿ. 4ಕೆ ಡಿಸ್ಕಿಗೆ ಈ ಕಾಟ ಇಲ್ಲ. ಹಾಗೇ, ಪ್ಲೇಯರ್ ಮಾಡೋ ಕಂಪನಿಗಳೇ ಕಮ್ಮಿಯಾಗ್ತಾ ಇವೆ ಅನ್ನೋದೂ ಗೊತ್ತಿರ್ಲಿ, ಒಪ್ಪೋ 2018ರಲ್ಲಿ ನಿಲ್ಸಿದ್ರು, ಆಮೇಲೆ ಸ್ಯಾಮ್‌ಸಂಗ್, ಎಲ್‌ಜಿನೂ ಹಿಂದೆ ಸರಿದ್ರು. ಹಾಗಾಗಿ ಕೈಲಿ ಒಳ್ಳೇ ಪ್ಲೇಯರ್ ಇದ್ರೆ "ಹಳೇದು" ಅಂತ ಎಸಿಬೇಡಿ ದಯವಿಟ್ಟು.

ಸರಿ, ಮನೆಗೆ ತಂದಾಯ್ತು. ಮೊದಲ ಕೆಲಸ ನೆಟ್. ವೈರ್ ಎಳಿಯೋಕೆ ಸಾಧ್ಯ ಇದ್ರೆ ವೈರೇ ಎಳೀರಿ, ಎರಡನೇ ಮಾತೇ ಬೇಡ. ಈ ಡಬ್ಬಿಗಳ ವೈಫೈ ಆಂಟೆನಾ ಸಣ್ಣದು, ಅದ್ರ ಮೇಲೆ ಟಿವಿ ಸ್ಟ್ಯಾಂಡಿನ ಮೂಲೇಲಿ, ಟಿವಿ ಹಿಂದುಗಡೆ, ಆಂಪ್ಲಿಫೈಯರ್ ಕೆಳಗೆ ತುರ್ಕಿ ಇಟ್ಟಿರ್ತೀವಿ, ಸಿಗ್ನಲ್ ಎಲ್ಲಿಂದ ಬರ್ಬೇಕು. ಹಳೇ ಮಾಡೆಲ್‌ಗಳಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇರತ್ತೆ, ಅಕ್ಕಪಕ್ಕದ ಮನೆ ರೂಟರ್‌ಗಳೆಲ್ಲಾ ಅದೇ ಜಾಗದಲ್ಲಿ ಗಲಾಟೆ ಮಾಡ್ತಿರ್ತವೆ. ಸ್ಪೀಡು ಎಷ್ಟು ಬೇಕು ಅಂತ ತುಂಬಾ ಜನ ಕೇಳ್ತಾರೆ: ನೆಟ್‌ಫ್ಲಿಕ್ಸ್‌ನೋರೇ ಹೇಳೋ ಪ್ರಕಾರ 1080ಪಿಗೆ (ಫುಲ್ ಎಚ್‌ಡಿ) 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ಅಂದ್ರೆ ಪ್ಲೇಯರ್ ಹಿಂದಿರೋ ಮಾಮೂಲಿ 100 ಎಂಬಿಪಿಎಸ್ ನೆಟ್ ಪೋರ್ಟ್ ಧಾರಾಳ ಆಯ್ತು, ದುಬಾರಿ ಪ್ಲಾನಿಗೆ ಹೋಗೋ ಅಗತ್ಯ ಇಲ್ಲ, ಬರೋ ಸ್ಪೀಡು ಏರುಪೇರಾಗದೇ ಒಂದೇ ಸಮ ಬಂದ್ರೆ ಸಾಕು. ಡೇಟಾ ಲಿಮಿಟ್ ಇರೋರು ಮಾತ್ರ ಲೆಕ್ಕ ಇಟ್ಕೊಳ್ಳಿ, ಎಚ್‌ಡಿ ನೋಡಿದ್ರೆ ಗಂಟೆಗೆ 3 ಜಿಬಿವರೆಗೂ, 4ಕೆ ಆದ್ರೆ 7 ಜಿಬಿವರೆಗೂ ಹೋಗತ್ತೆ.

ನೆಟ್ ಬಂದ ತಕ್ಷಣ ಸಿನಿಮಾ ಹಾಕ್ಬೇಡಿ, ಮೊದ್ಲು ಪ್ಲೇಯರ್ ಒಳಗಿನ ಸಾಫ್ಟ್‌ವೇರ್, ಅಂದ್ರೆ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಇದು ಆ್ಯಪ್‌ಗಳಿಗೆ ಮಾತ್ರ ಬೇಕಾಗಿರೋದು ಅಂತ ತುಂಬಾ ಜನ ಅನ್ಕೊಂಡಿದ್ದಾರೆ, ಡಿಸ್ಕಿಗೂ ಬೇಕು. ಬ್ಲೂ ರೇ ಡಿಸ್ಕ್‌ಗಳಿಗೆ ಎಎಸಿಎಸ್ ಅಂತ ಒಂದು ಬೀಗ ಇರತ್ತೆ, ಆ ಬೀಗದ ಕೀಗಳು ಆಗಾಗ ಬದಲಾಗ್ತಾ ಇರ್ತವೆ, ಹಳೇ ಫರ್ಮ್‌ವೇರ್ ಇರೋ ಪ್ಲೇಯರಿಗೆ ಹೊಸ ಡಿಸ್ಕ್ ಹಾಕಿದ್ರೆ ಲೋಡಿಂಗ್ ಅಂತ ತೋರ್ಸಿ ಅಲ್ಲೇ ನಿಂತ್ಬಿಡ್ಬೋದು. ನೆಟ್ ಇಲ್ಲದೋರು ಕಂಪನಿ ಸೈಟಿಂದ ಫೈಲ್ ಇಳಿಸ್ಕೊಂಡು ಪೆನ್‌ಡ್ರೈವಲ್ಲಿ ಹಾಕಿ ಮಾಡ್ಬೋದು, ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಆಗಿರ್ಬೇಕು, ಫೈಲಿನ ಹೆಸರು ಬದಲಾಯಿಸ್ಬಾರ್ದು, ಅಪ್‌ಡೇಟ್ ನಡಿಯೋವಾಗ ಕರೆಂಟ್ ತೆಗಿಬಾರ್ದು. ಮಳೆ ಗುಡುಗು ಇರೋ ರಾತ್ರಿ ಈ ಕೆಲಸ ಬೇಡ.

ಅಪ್‌ಡೇಟ್ ಮುಗಿದ್ಮೇಲೆ ನಾನು ಆಟೋ ಅಪ್‌ಡೇಟ್ ಆಫ್ ಮಾಡಿ ಇಡ್ತೀನಿ. ಆದ್ರೆ ಅಷ್ಟೇ ಸಾಲಲ್ಲ. 2020ರ ಜೂನ್‌ನಲ್ಲಿ ಒಂದು ದೊಡ್ಡ ಕಂಪನಿಯ ಬ್ಲೂ ರೇ ಪ್ಲೇಯರ್‌ಗಳು ಲೋಕದ ತುಂಬಾ ಒಂದೇ ಸಲ ಆನ್ ಆಗೋದು ಆಫ್ ಆಗೋದು ಶುರು ಮಾಡಿದ್ವು. ಕಂಪನಿ ಸರ್ವರಿಂದ ಬಂದ ಒಂದು ಸಣ್ಣ ಸೆಟ್ಟಿಂಗ್ ಫೈಲು ಕೆಟ್ಟಿತ್ತು, ನೆಟ್ಟಿಗೆ ಕನೆಕ್ಟ್ ಆಗಿದ್ದ ಪ್ಲೇಯರ್‌ಗಳು ಅದನ್ನ ತಗೊಂಡು ಓದೋಕೆ ಹೋಗಿ ಪ್ರತೀ ಸಲ ಸತ್ತೋಗ್ತಾ ಇದ್ವು. ಡಿಸ್ಕೂ ಇಲ್ಲ, ಆ್ಯಪೂ ಇಲ್ಲ, ಎಲ್ಲಾ ಸರ್ವೀಸಿಗೆ ಕಳಿಸ್ಬೇಕಾಯ್ತು. ಬರೀ ಡಿಸ್ಕ್ ನೋಡೋಕೆ ತಗೊಂಡಿದ್ದೋರಿಗೂ ಇದು ತಟ್ತಲ್ಲ, ಅದು ನನಗೆ ತುಂಬಾ ಬೇಜಾರಾಯ್ತು. ಆಟೋ ಅಪ್‌ಡೇಟ್ ಆಫ್ ಇದ್ರೂ ಇಂಥ ಫೈಲು ಬರೋದು ನಿಲ್ಲಲ್ಲ, ಪೂರ್ತಿ ತಡಿಬೇಕಂದ್ರೆ ನೆಟ್ಟೇ ಕಿತ್ತಿಡ್ಬೇಕು. ಆ್ಯಪ್ ಬಳಸೋದು ನಿಲ್ಸಿದ ದಿನ ನೆಟ್ ವೈರೂ ಕಿತ್ತಿಡಿ ಅಂತ ನಾನು ಎಲ್ರಿಗೂ ಹೇಳೋದು ಅದಕ್ಕೇ.

ಆ್ಯಪ್ ಲಾಗಿನ್‌ಗೆ ರಿಮೋಟಲ್ಲಿ ಒಂದೊಂದೇ ಅಕ್ಷರ ಒತ್ತಿ ಒತ್ತಿ ಪಾಸ್‌ವರ್ಡ್ ಹಾಕೋ ಕಷ್ಟ ಯಾಕೆ. ಸುಮಾರು ಆ್ಯಪ್‌ಗಳು ಸ್ಕ್ರೀನ್ ಮೇಲೆ ಒಂದು ಕೋಡ್ ತೋರಿಸ್ತವೆ, ಫೋನಲ್ಲಿ ಆ ಕೋಡ್ ಹಾಕಿದ್ರೆ ಟಿವಿ ತಾನಾಗೇ ಒಳಗೆ ಹೋಗತ್ತೆ. ಹೋಮ್ ಸ್ಕ್ರೀನಲ್ಲಿ ಬೇಡದ ಐಕಾನ್ ತೆಗಿಯೋಕೆ ಬಿಟ್ರೆ ತೆಗೀರಿ, ಮನೇಲಿ ವಯಸ್ಸಾದೋರಿದ್ರೆ ಅವರಿಗೆ ಎರಡೇ ಐಕಾನ್ ಕಂಡ್ರೆ ಎಷ್ಟೋ ಆರಾಮ.

ಈಗ ಚಿತ್ರದ ಸೆಟ್ಟಿಂಗ್. ಇಲ್ಲಿ ಸ್ವಲ್ಪ ನಿಲ್ಲಿ, ಯಾಕಂದ್ರೆ ಡಿಸ್ಕಿಗೆ ಕೊಟ್ಟ ದುಡ್ಡು ಕಣ್ಣಿಗೆ ಕಾಣೋದು ಇಲ್ಲೇ. ಸಿನಿಮಾ ತೆಗಿಯೋದು ಸೆಕೆಂಡಿಗೆ 24 ಫ್ರೇಮಲ್ಲಿ. ಪ್ಲೇಯರ್ 60 ಹರ್ಟ್ಸ್‌ನಲ್ಲಿ ಕಳ್ಸಿದ್ರೆ 24ನ್ನ 60ಕ್ಕೆ ಹೊಂದಿಸ್ಬೇಕು, ಅದಕ್ಕೆ ಒಂದು ಫ್ರೇಮನ್ನ ಮೂರು ಸಲ, ಮುಂದಿನದನ್ನ ಎರಡು ಸಲ, ಹೀಗೆ ತೋರಿಸ್ತಾ ಹೋಗತ್ತೆ. ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನ ತಿರುಗೋ ಸೀನ್ ನೋಡಿ, ಮರಗಳು ಗೋಡೆಗಳು ಎಲ್ಲಾ ತಡವರಿಸ್ಕೊಂಡು ಹೋದಂಗೆ ಕಾಣತ್ತೆ, ಅದು ಇದೇ. ಸೆಟ್ಟಿಂಗ್ಸಲ್ಲಿ "1080ಪಿ 24" ಅಥ್ವಾ "24ಪಿ ಔಟ್‌ಪುಟ್" ಅಂತಿರತ್ತೆ, ಅದನ್ನ ಆಟೋ ಇಲ್ಲಾ ಆನ್ ಮಾಡಿ. ರೆಸಲ್ಯೂಷನ್ ಆಟೋದಲ್ಲೇ ಬಿಡಿ. ಆಮೇಲೆ ಟಿವಿ ಕಡೆ ಹೋಗಿ ಮೋಷನ್ ಸ್ಮೂಥಿಂಗ್ ಆಫ್ ಮಾಡಿ, ಒಳ್ಳೇ ಸಿನಿಮಾನೂ ಸೀರಿಯಲ್ ತರ ಕಾಣ್ಸೋದು ಅದರಿಂದಾನೇ, ಹೆಸರು ಒಂದೊಂದು ಟಿವೀಲಿ ಒಂದೊಂದು ಇರತ್ತೆ. ಓವರ್‌ಸ್ಕ್ಯಾನೂ ಆಫ್ ಮಾಡಿ, ಇಲ್ಲಾಂದ್ರೆ ಚಿತ್ರದ ಅಂಚು ನಾಲ್ಕೂ ಕಡೆ ಕತ್ತರಿಸಿ ಹೋಗಿರತ್ತೆ.

ಸೌಂಡಿಗೆ ಬಂದ್ರೆ, ಟಿವಿ ಸ್ಪೀಕರಲ್ಲೇ ಕೇಳೋರು ಪಿಸಿಎಂ (ಪ್ಲೇಯರೇ ಸೌಂಡ್ ಬಿಡಿಸಿ ಕಳ್ಸೋದು) ಅಂತ ಇಟ್ಟು ಮುಂದಕ್ಕೆ ಹೋಗ್ಬೋದು. ಆಂಪ್ಲಿಫೈಯರ್ ಇಲ್ಲಾ ಒಳ್ಳೇ ಸೌಂಡ್‌ಬಾರ್ ಇರೋರು ಬಿಟ್‌ಸ್ಟ್ರೀಮ್ (ಡಿಸ್ಕಲ್ಲಿರೋ ಸೌಂಡನ್ನ ಬಿಡಿಸದೇ ಹಾಗೇ ಕಳ್ಸೋದು) ಇಡಿ. ಆಮೇಲೆ ಒಂದು ಸಣ್ಣ ಸೆಟ್ಟಿಂಗ್ ಇದೆ, "ಬಿಡಿ ಆಡಿಯೋ ಮಿಕ್ಸ್" ಇಲ್ಲಾ "ಸೆಕೆಂಡರಿ ಆಡಿಯೋ" ಅಂತ, ಫ್ಯಾಕ್ಟ್ರಿಯಿಂದ ಬರೋವಾಗ್ಲೇ ಆನ್ ಆಗಿರೋದೂ ಉಂಟು, ಅದನ್ನ ಆಫ್ ಮಾಡಿ. ಆನ್ ಇದ್ರೆ ಮೆನು ಸದ್ದು, ಕಾಮೆಂಟರಿ ಎಲ್ಲಾ ಸಿನಿಮಾ ಸೌಂಡಿಗೆ ಬೆರೆಸೋಕೆ ಅಂತ ಪ್ಲೇಯರು ಡಿಸ್ಕಲ್ಲಿರೋ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್ ಎಚ್‌ಡಿ ಮಾಸ್ಟರ್ ಆಡಿಯೋನ ಮಾಮೂಲಿ ಡಾಲ್ಬಿ, ಡಿಟಿಎಸ್ ಮಟ್ಟಕ್ಕೆ ಇಳ್ಸಿ ಕಳ್ಸತ್ತೆ. ನಾನು ಎರಡು ವರ್ಷ ಹಾಗೇ ಕೇಳ್ತಿದ್ದೆ, ಒಂದಿನ ಆಂಪ್ಲಿಫೈಯರ್ ಡಿಸ್‌ಪ್ಲೇಲಿ ಬರೀ "ಡಿಟಿಎಸ್" ಅಂತ ಬರ್ತಿರೋದು ಕಣ್ಣಿಗೆ ಬಿತ್ತು, ಈ ಸೆಟ್ಟಿಂಗ್ ಆಫ್ ಮಾಡಿದ ಕೂಡ್ಲೇ "ಡಿಟಿಎಸ್ ಎಚ್‌ಡಿ ಎಂಎಸ್‌ಟಿಆರ್" ಅಂತ ಬಂತು, ಅವತ್ತು ರಾತ್ರಿ ನೋಡಿದ್ದ ಸಿನಿಮಾನೇ ಮತ್ತೆ ಹಾಕಿ ಕೂತೆ. ಆಪ್ಟಿಕಲ್ ಕೇಬಲಲ್ಲಿ ಈ ದೊಡ್ಡ ಫಾರ್ಮ್ಯಾಟ್‌ಗಳು ಹೋಗಲ್ಲ, ಎಚ್‌ಡಿಎಂಐನೇ ಬೇಕು.

ಯಾವುದನ್ನ ಡಿಸ್ಕಲ್ಲಿ ನೋಡೋದು, ಯಾವುದನ್ನ ನೆಟ್ಟಲ್ಲಿ? ಲೆಕ್ಕ ನೋಡಿ. ಡಿವಿಡಿ ಒಂದು ಪದರಕ್ಕೆ 4.7 ಜಿಬಿ, ಬ್ಲೂ ರೇ ಒಂದು ಪದರಕ್ಕೆ 25, ಎರಡಕ್ಕೆ 50, 4ಕೆ ಡಿಸ್ಕಲ್ಲಿ 100 ಜಿಬಿವರೆಗೂ ಹಿಡಿಸತ್ತೆ. ಬ್ಲೂ ರೇ ವಿಡಿಯೋ ಸೆಕೆಂಡಿಗೆ 40 ಮೆಗಾಬಿಟ್‌ವರೆಗೂ ಹೋಗ್ಬೋದು, ನೆಟ್ಟಲ್ಲಿ ಅದೇ 1080ಪಿಗೆ 5 ಎಂಬಿಪಿಎಸ್ ಸ್ಪೀಡಿದ್ರೆ ಸಾಕು ಅಂತಾರಲ್ಲ, ಅಂದ್ರೆ ಎಷ್ಟು ಹಿಂಡಿ ಕಳಿಸ್ತಾರೆ ಅಂತ ನೀವೇ ಅಂದಾಜು ಮಾಡಿ. ಹಗಲಿನ ಸೀನು, ಮಾತುಕತೆ, ಕಾಮಿಡಿ ಇಂಥದ್ರಲ್ಲಿ ವ್ಯತ್ಯಾಸ ಅಷ್ಟು ಗೊತ್ತಾಗಲ್ಲ. ಮಂಜು, ಹೊಗೆ, ಮಳೆ, ಕತ್ತಲೆ ರೂಮಲ್ಲಿ ಒಂದು ದೀಪ, ಇಂಥದ್ರಲ್ಲಿ ನೆಟ್ ಚಿತ್ರ ಚೌಕ ಚೌಕವಾಗಿ ಒಡಿಯತ್ತೆ, ಡಿಸ್ಕಲ್ಲಿ ಕಪ್ಪು ಕಪ್ಪಾಗೇ ನಿಲ್ಲತ್ತೆ. ನಾನು ಮಾಡೋದು ಇಷ್ಟೇ: ಒಂದ್ಸಲ ನೋಡಿ ಬಿಡೋದೆಲ್ಲಾ ನೆಟ್ಟಲ್ಲಿ, ಮತ್ತೆ ಮತ್ತೆ ನೋಡ್ಬೇಕು ಅನ್ಸೋದು ಡಿಸ್ಕಲ್ಲಿ. ಒಂದ್ಸಲ ಮನೆಯೋರೆಲ್ಲಾ ಕೂತು ಒಂದು ಸಿನಿಮಾ ಇಂಟರ್ವಲ್‌ವರೆಗೆ ನೋಡಿ ನಿದ್ದೆ ಬಂತು ಅಂತ ನಿಲ್ಸಿದ್ವಿ, ಮುಂದಿನ ವಾರ ಮಿಕ್ಕಿದ್ದು ನೋಡೋಣ ಅಂತ ಹೋದ್ರೆ ಆ ಸಿನಿಮಾ ಆ್ಯಪಲ್ಲೇ ಇಲ್ಲ, ಅವಧಿ ಮುಗಿದು ತೆಗ್ದುಬಿಟ್ಟಿದ್ರು. ಶೆಲ್ಫಲ್ಲಿರೋ ಡಿಸ್ಕನ್ನ ಯಾರೂ ಬಂದು ತೆಗಿಯಲ್ಲ.

ಡಿಸ್ಕ್ ಒರೆಸೋದು ಹೆಂಗೆ ಅಂತ ಬಿಡಿಸಿ ಹೇಳ್ತೀನಿ, ತಪ್ಪು ಮಾಡೋರೇ ಜಾಸ್ತಿ. ಅಂಚು ಮತ್ತು ಮಧ್ಯದ ತೂತು ಎರಡನ್ನೇ ಹಿಡ್ಕೊಳ್ಳಿ, ಹೊಳೆಯೋ ಕಡೆ ಬೆರಳು ತಾಗ್ಬಾರ್ದು. ದೀಪದ ಕೆಳಗೆ ಓರೆ ಮಾಡಿ ನೋಡಿದ್ರೆ ಬೆರಳಚ್ಚು, ಧೂಳು ಎಲ್ಲಾ ಕಾಣತ್ತೆ. ಮೊದ್ಲು ಧೂಳನ್ನ ಊದಿ ಹಾರಿಸಿ, ಒರೆಸಿದ್ರೆ ಆ ಧೂಳೇ ಗೀಚತ್ತೆ. ಆಮೇಲೆ ಕನ್ನಡಕ ಒರೆಸೋ ಮೈಕ್ರೋಫೈಬರ್ ಬಟ್ಟೇಲಿ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಸುತ್ತ ತಿರುಗಿಸಿ ಒರೆಸ್ಬೇಡಿ. ಡಿಸ್ಕಲ್ಲಿ ಡೇಟಾ ಇರೋದು ಸುರುಳಿ ದಾರೀಲಿ, ಸುತ್ತ ಒರೆಸಿ ಗೀರು ಬಿದ್ರೆ ಅದು ದಾರಿಯುದ್ದಕ್ಕೂ ಹೋಗಿ ಒಂದೇ ಕಡೆ ತುಂಬಾ ಡೇಟಾ ಅಳಿಸತ್ತೆ, ಅಡ್ಡ ಗೀರಾದ್ರೆ ಒಂದೊಂದು ಸುತ್ತಲ್ಲಿ ಚೂರು ಚೂರು ಹೋಗತ್ತೆ, ಅಷ್ಟನ್ನ ಪ್ಲೇಯರ್ ತಾನೇ ಸರಿಪಡಿಸ್ಕೊಳತ್ತೆ. ಬ್ಲೂ ರೇಲಿ ಡೇಟಾ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ, ಡಿವಿಡೀಲಿ 0.6. ಅದಕ್ಕೇ ಬ್ಲೂ ರೇಗೆ ಗಟ್ಟಿ ಕೋಟಿಂಗ್ ಕೊಟ್ಟಿರ್ತಾರೆ, ಸುಲಭಕ್ಕೆ ಗೀರು ಬೀಳಲ್ಲ, ಆದ್ರೆ ಬೆರಳಿನ ಜಿಡ್ಡು ಕೂತ್ರೆ ಸಾಕು ತಡವರಿಸತ್ತೆ. ಮುಗಿದ್ಮೇಲೆ ಕೇಸಿಗೆ ಹಾಕಿ ಪುಸ್ತಕದ ತರ ನಿಲ್ಸಿ ಇಡಿ.

ಡಿವಿಡಿ ಓಡ್ತಿದೆ, ಬ್ಲೂ ರೇ ಓಡ್ತಿಲ್ಲ ಅಂದ್ರೆ? ಸಿಡಿಗೆ 780, ಡಿವಿಡಿಗೆ 650, ಬ್ಲೂ ರೇಗೆ 405 ನ್ಯಾನೋಮೀಟರ್ ಲೇಸರ್, ಒಂದೊಂದಕ್ಕೂ ಒಂದೊಂದು ಬೇರೆ. ನಾಲ್ಕೈದು ಬೇರೆ ಬೇರೆ ಬ್ಲೂ ರೇ ಹಾಕಿ ನೋಡಿ, ಒಂದೂ ಓಡ್ಲಿಲ್ಲ, ಡಿವಿಡಿ ಎಲ್ಲಾ ಓಡ್ತಿದೆ ಅಂದ್ರೆ ನೀಲಿ ಲೇಸರ್ ಕೈಕೊಟ್ಟಿರೋ ಸಾಧ್ಯತೆ ಜಾಸ್ತಿ. ಒಂದೇ ಡಿಸ್ಕ್ ಓಡ್ತಿಲ್ಲ ಅಂದ್ರೆ ಒರೆಸಿ, ಫರ್ಮ್‌ವೇರ್ ನೋಡಿ, ಬಿಡಿ ಲೈವ್ ಡೇಟಾ ಅಳಿಸಿ. ಈ ಬಿಡಿ ಲೈವ್ ಅನ್ನೋದನ್ನ ಒಟ್ಟಾರೆ ಆಫ್ ಮಾಡಿ ಇಟ್ರೇ ಒಳ್ಳೇದು, ಡಿಸ್ಕ್ ಹಾಕಿದ ತಕ್ಷಣ ನೆಟ್ಟಿಗೆ ಹೋಗಿ ಟ್ರೇಲರ್ ಹುಡ್ಕೋದು ನಿಂತು ಬೇಗ ಲೋಡ್ ಆಗತ್ತೆ.

ಪೆನ್‌ಡ್ರೈವಲ್ಲಿ ಸಿನಿಮಾ ಹಾಕಿ ನೋಡೋರಿಗೆ ಎರಡೇ ಮಾತು: ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ, ವಿಡಿಯೋ ಫಾರ್ಮ್ಯಾಟ್‌ಗಳಲ್ಲಿ ಹಳೇ ಪ್ಲೇಯರ್ ಎಚ್.264 ಓಡಿಸತ್ತೆ ಎಚ್.265 ಓಡಿಸಲ್ಲ. ಸೌಂಡ್ ಬಂದು ಚಿತ್ರ ಬರ್ಲಿಲ್ಲ ಅಂದ್ರೆ ಮೊದ್ಲು ಅನುಮಾನ ಪಡ್ಬೇಕಾಗಿದ್ದು ಇದನ್ನೇ.

ಆ್ಯಪ್ ಕೈಕೊಟ್ರೆ ಹೀಗೆ ಮಾಡಿ. ರಿಮೋಟಲ್ಲಿ ಆಫ್ ಮಾಡಿದ್ರೆ ಅದು ಮಲಗತ್ತೆ ಅಷ್ಟೇ, ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ತಾರೀಖು, ಟೈಮ್ ಸರಿಯಿದೆಯಾ ನೋಡಿ, ಅದು ತಪ್ಪಿದ್ರೆ ಸೆಕ್ಯುರಿಟಿ ಸರ್ಟಿಫಿಕೇಟ್ ಹೊಂದಲ್ಲ, ಆ್ಯಪ್ ಒಳಗೇ ಬಿಡಲ್ಲ. ಅಕೌಂಟಿಂದ ಲಾಗೌಟ್ ಆಗಿ ಮತ್ತೆ ಒಳಗೆ ಬನ್ನಿ. ಅದೇ ಆ್ಯಪ್ ಫೋನಲ್ಲಿ ಅದೇ ವೈಫೈಯಲ್ಲಿ ಓಡ್ತಿದೆಯಾ ಅಂತಾನೂ ನೋಡಿ, ಓಡ್ತಿದ್ರೆ ತೊಂದ್ರೆ ನೆಟ್ಟಲ್ಲಿಲ್ಲ, ಡಬ್ಬೀಲಿದೆ. ಇಷ್ಟೆಲ್ಲಾ ಮಾಡಿದ್ರೂ ಆಗ್ಲಿಲ್ಲ, ಹೊಸ ಫರ್ಮ್‌ವೇರೂ ಬರ್ತಿಲ್ಲ ಅಂದ್ರೆ ಆ ಭಾಗದ ಆಯಸ್ಸು ಮುಗೀತು ಅಂತ ತಿಳ್ಕೊಳ್ಳಿ, ಹೊಸ ಪ್ಲೇಯರ್ ತಗೊಳೋಕೆ ಓಡ್ಬೇಡಿ. ಟಿವೀಲೇ ಆ್ಯಪ್ ಇದ್ರೆ ಅದನ್ನ ಬಳಸಿ, ಇಲ್ಲಾಂದ್ರೆ ಟಿವಿಯ ಇನ್ನೊಂದು ಎಚ್‌ಡಿಎಂಐಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿ, ಪ್ಲೇಯರ್ ನೆಟ್ ವೈರ್ ಕಿತ್ತು ಡಿಸ್ಕಿಗೆ ಮಾತ್ರ ಇಟ್ಕೊಳ್ಳಿ. ನಮ್ಮಮ್ಮನ ರೂಮಲ್ಲಿರೋದು ಹೀಗೇ, ಎಚ್‌ಡಿಎಂಐ ಸಿಇಸಿ (ಟಿವಿ, ಪ್ಲೇಯರ್ ಒಂದಕ್ಕೊಂದು ಸೂಚನೆ ಕೊಡೋ ಸೆಟ್ಟಿಂಗ್) ಆನ್ ಮಾಡಿಟ್ಟಿದ್ದೀನಿ, ಅವರು ಡಿಸ್ಕ್ ಹಾಕಿ ಪ್ಲೇ ಒತ್ತಿದ್ರೆ ಟಿವಿ ತಾನೇ ಆ ಕಡೆ ತಿರುಗತ್ತೆ.

ಯಾರಿಗಾದ್ರೂ ಕೊಟ್ಬಿಡೋದಾದ್ರೆ ಕೊಡೋಕೆ ಮುಂಚೆ ಒಂದೊಂದು ಆ್ಯಪಿಂದಾನೂ ಲಾಗೌಟ್ ಆಗಿ, ಫ್ಯಾಕ್ಟ್ರಿ ರಿಸೆಟ್ ಮಾಡಿ, ಫೋನಲ್ಲಿ ನಿಮ್ಮ ಅಕೌಂಟಿಗೆ ಹೋಗಿ ಡಿವೈಸ್ ಲಿಸ್ಟಿಂದ ಆ ಪ್ಲೇಯರನ್ನ ತೆಗೀರಿ. ಹಿಂದುಗಡೆ ಯುಎಸ್‌ಬಿಲಿ ಏನಾದ್ರೂ ಸಿಕ್ಕಿಸಿದ್ರಾ ಅಂತ ಕೈಯಾಡಿಸಿ ನೋಡಿ. ಪ್ಲಗ್ ಕೀಳೋಕೆ ಮುಂಚೆ ಟ್ರೇ ತೆಗೆದು ನೋಡಿ, ಕೊನೇ ಸಲ ನೋಡಿದ ಸಿನಿಮಾ ಒಳಗೇ ಉಳಿದಿರತ್ತೆ.